ಸುದ್ದಿ ದಾಟಿಸಿ ತಾನು ಸುಮ್ಮನಾದ ಪೆಟ್ಟಿಗೆ

"ಮುಟ್ಟಬೇಡಿ ಮ್ಯಾಡಮ್. ಪೊಲೀಸರು ನೋಡಿ ವಾಪಸು ಕೊಟ್ಟ ಮಾಲು ಅದು," ಎಂದ ಸ್ವಪ್ನಿಲ್.

ಅಷ್ಟರಲ್ಲಿ ನಾನು ಮುಟ್ಟಿಯಾಗಿತ್ತು.

ಬೂದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಒಂದು ಮೂಲೆ ಜಜ್ಜಿಹೋಗಿತ್ತು, ಆಂಟೆನಾ ಬುಡಕ್ಕೆ ಮುರಿದಿತ್ತು. ಕೆಳಗೆ ಜೋಡಿಸಿದ್ದ ಭೋಂಗಾಕ್ಕೆ ಮಾತ್ರ ಏನೂ ಆಗಿರಲಿಲ್ಲ. ಕಾರ್ಖಾನೆಯ ಸೈರನ್ನಿಗೆ ಪುಣೆಯವರು ಭೋಂಗಾ ಅನ್ನುತ್ತಾರೆ.

ಹತ್ತು ದಿನದ ಹಿಂದೆ ಒದರಬೇಕಾದ ಹೊತ್ತಿಗೆ ಈ ಭೋಂಗಾ ಒದರಲಿಲ್ಲ. ಚಾಕಣದ ಆಚೆಗಿನ ಈ ಕಲ್ಲುಗಣಿಯ ಹೊಂಡದಲ್ಲಿ ಸಿಡಿಮದ್ದು ಹಾರಿತು. ಪೆಟ್ಟಿಗೆಯನ್ನು ಸ್ವಂತ ಕೈಯಿಂದ ಮಾಡಿ ಕಂಬಕ್ಕೆ ಕಟ್ಟಿದ್ದ ಬಸವಲಿಂಗ ಅದೇ ಕಂಬದ ಬುಡದಲ್ಲಿ ಸತ್ತ.

"ಫುಕಟ್ ಸಾಫ್ಟ್‌ವೇರ್ ಮ್ಯಾಡಮ್, ಫುಕಟ್!" ಗಣಿಯ ಮ್ಯಾನೇಜರ್ ಸ್ವಪ್ನಿಲ್ ಮರಾಠಿಯಲ್ಲಿ ರಾಗ ಎಳೆದ. "ಯಾರೋ ಜರ್ಮನಿಯವನು ಬರೆದದ್ದು, ಇನ್ಯಾರೋ ತಿದ್ದಿದ್ದು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು. ಹೊಂಡಕ್ಕೆ ಸುದ್ದಿ ಮುಟ್ಟಲೇ ಇಲ್ಲ. ಪಾಪ, ತಾನು ಮಾಡಿದ್ದೇ ಅವನಿಗೆ ಮುಳುವಾಯಿತು."

ಈ 'ಪಾಪ' ಅನ್ನುವ ಶಬ್ದವನ್ನು ಕೆಲವರ ಬಾಯಿಯಿಂದ ಕೇಳಿದರೆ ನನಗೆ ಮೈ ಉರಿಯುತ್ತದೆ.

ನಾನು ಲೀಲಾಕ್ಷಿ. ಪುಣೆಯ ಹತ್ತಿರದ ನಿಗಡಿಯಲ್ಲಿ ಅಣ್ಣ ಮಹಾಲಿಂಗನ ಹೊಟೇಲಿನ ಮೇಲಿನ ಕೋಣೆಯಲ್ಲಿ ನನ್ನ ಖಾಸಗಿ ಪತ್ತೇದಾರಿ ಆಫೀಸು. ಮದುವೆಗೆ ಮೊದಲು ಗಂಡಿನ ನಡತೆ ವಿಚಾರಿಸುವುದು, ಮದುವೆಯಾದ ಮೇಲೆ ಅದೇ ಗಂಡನ್ನು ಹುಡುಕುವುದು, ಇಷ್ಟೇ ನನ್ನ ಕಸುಬು. ಸಾವಿನ ಕೇಸಿಗೆ ನಾನು ಕೈ ಹಾಕುವವಳಲ್ಲ. ಆದರೆ ಬಸವಲಿಂಗ ದಿನಾ ಬೆಳಿಗ್ಗೆ ನಮ್ಮಲ್ಲಿ ಬನ್ಸ್ ತಿನ್ನುತ್ತಿದ್ದ ಹುಡುಗ. ನಮ್ಮ ಮಾಳಿಗೆಯ ಮೇಲೂ ಇಂಥದೇ ಒಂದು ಪೆಟ್ಟಿಗೆ ಕೂರಿಸಿ, ಇಡೀ ಗಲ್ಲಿಗೆ ಇಂಟರ್ನೆಟ್ ಹರಿಸಿ, ಕಾಸು ಕೊಡಹೋದರೆ "ಒಂದ ಬನ್ಸ್ ಹೆಚ್ಚಿಗಿ ಹಾಕ್ರಿ ಅಕ್ಕಾರ" ಅಂದವನು. ಅವನಿಗಾಗಿ ನನಗೆ ಇನ್ನೂ ಅಳು ಬರುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತೇನೆ, ಆಮೇಲೆ ಮುಖ ತೊಳೆದು ಕೆಲಸಕ್ಕೆ ಹೊರಡುತ್ತೇನೆ.

ಅವನ ಹೆಂಡತಿ ಶೈಲಶ್ರೀ ನನ್ನಲ್ಲಿ ಕೇಳಿದ್ದು ಒಂದೇ. "ಅಕ್ಕಾರ, ಅವರದು ತಪ್ಪಿದ್ರ ತಪ್ಪದ ಅಂತನ ಹೇಳ್ರಿ. ಸುಳ್ಳು ಸಮಾಧಾನ ಬ್ಯಾಡ. ಅವರ ಮಾಡಿದ್ದು ಅವರನ್ನ ಕೊಂದದೋ ಇಲ್ಲೋ, ನನಗ ಅಷ್ಟು ಗೊತ್ತಾಗಬೇಕು."

ಬಸವಲಿಂಗನ ಪೆಟ್ಟಿಗೆಗಳ ವ್ಯವಹಾರ ನನಗೆ ಅರ್ಥವಾದದ್ದು ನಮ್ಮ ಊಟದ ಪಂಕ್ತಿಯ ಲೆಕ್ಕದಲ್ಲಿ. ಸಾರಿನ ಬಕೆಟ್ಟು ಕೈಯಿಂದ ಕೈಗೆ ಹೋಗುತ್ತದೆ. ನಡುವೆ ಒಬ್ಬ ಎದ್ದು ಹೋದರೆ ಬಕೆಟ್ಟು ನಿಲ್ಲುವುದಿಲ್ಲ, ಇನ್ನೊಬ್ಬನ ಕೈ ಸುತ್ತಿಕೊಂಡು ಮುಂದಕ್ಕೆ ಹೋಗುತ್ತದೆ. ಮದ್ದು ಹಾರಿಸುವ ಮೊದಲು ಆಫೀಸಿನಲ್ಲಿ ಗುಂಡಿ ಒತ್ತಿದರೆ ಸುದ್ದಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗಾಳಿಯಲ್ಲೇ ದಾಟಿ, ಪ್ರತಿಯೊಂದರ ಭೋಂಗಾವನ್ನೂ ಒದರಿಸುತ್ತದೆ. ಕೇಬಲ್ಲು ಎಳೆದರೆ ಮೊದಲ ಸಿಡಿತಕ್ಕೇ ತುಂಡಾಗುವ ಗಣಿಗೆ ಹೇಳಿ ಮಾಡಿಸಿದ ಏರ್ಪಾಡು. ಬಸವಲಿಂಗ ಅದರ ಪ್ರೋಗ್ರಾಮನ್ನು ತಿದ್ದಿದ, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಬಿಟ್ಟಿಯಾಗಿಯೇ ಇಟ್ಟ. ಈಗ ಸಾತಾರೆಯಿಂದ ಸೊಲ್ಲಾಪುರದವರೆಗೆ ಅದನ್ನು ಹಾಕಿಕೊಂಡ ಗಣಿಗಳು 'ಇದು ಜೀವ ತೆಗೆಯುತ್ತದಂತೆ' ಎಂದು ಪೆಟ್ಟಿಗೆ ಕಿತ್ತು ಬಿಸಾಡುತ್ತಿದ್ದವು.

"ಸುದ್ದಿ ಮುಟ್ಟಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದೆ.

"ಮುಟ್ಟಿದ್ದರೆ ಒದರುತ್ತಿರಲಿಲ್ಲವೇ?"

"ಆವತ್ತು ಕ್ರಶರ್ ಕಡೆಯ ಭೋಂಗಾ ಒದರಿದೆ. ಅಲ್ಲಿ ಚಹ ಮಾರುವ ರುದ್ರವ್ವ ಕೇಳಿದ್ದಾಳೆ."

"ಒದರಿರಬಹುದು. ಅದಕ್ಕೇನು?"

"ಕಿಟಕಿಯಿಂದ ನೋಡಿ. ಕಲ್ಲು ಪುಡಿ ಮಾಡುವ ನಿಮ್ಮ ಕ್ರಶರ್ ಗುಡ್ಡದ ಮರೆಯಲ್ಲಿ ಉಂಟು. ಅದರ ಪೆಟ್ಟಿಗೆಗೆ ಕಾಣುವುದು ಹೊಂಡದ ಪೆಟ್ಟಿಗೆ ಒಂದೇ. ಬೇರೆ ಯಾವ ದಾರಿಯಿಂದಲೂ ಅಲ್ಲಿಗೆ ಸುದ್ದಿ ಹೋಗುವುದಿಲ್ಲ. ನಾನು ಬಂದ ಕೂಡಲೇ ನಿಮ್ಮ ಕೈಯಲ್ಲಿ ಗುಂಡಿ ಒತ್ತಿಸಿದೆನಲ್ಲ? ಹೊಂಡದ ಪೆಟ್ಟಿಗೆ ಈಗ ಈ ಮೇಜಿನ ಮೇಲುಂಟು. ಅದಕ್ಕೇ ಕ್ರಶರ್ ಭೋಂಗಾ ಇವತ್ತು ಸುಮ್ಮನಿತ್ತು."

ಸ್ವಪ್ನಿಲ್ ಕಿಟಕಿಯ ಕಡೆ ನೋಡಲಿಲ್ಲ.

"ಅಂದರೆ ಆವತ್ತು ಹೊಂಡದ ಪೆಟ್ಟಿಗೆಗೆ ಸುದ್ದಿ ಮುಟ್ಟಿತ್ತು ಮಾರಾಯ್ರೆ. ಮುಟ್ಟಿದ್ದನ್ನು ಅದು ಮುಂದಕ್ಕೂ ದಾಟಿಸಿತ್ತು. ಎಲ್ಲರಿಗೂ ಬಡಿಸಿ ತನ್ನ ಎಲೆಗೆ ಮಾತ್ರ ಹಾಕಿಕೊಳ್ಳಲಿಲ್ಲ. ಜರ್ಮನಿಯವನದ್ದೂ ತಪ್ಪಿಲ್ಲ, ಬಸವಲಿಂಗನ ಪ್ರೋಗ್ರಾಮಿನದ್ದೂ ತಪ್ಪಿಲ್ಲ. ತಪ್ಪು ಈ ಡಬ್ಬಿಯ ಒಳಗೆ ಎಲ್ಲೋ ಉಂಟು."

ಪರ್ಸಿನಿಂದ ಸ್ಕ್ರೂಡ್ರೈವರ್ ತೆಗೆದೆ. ಅವನು ತಡೆಯಲಿಲ್ಲ.

ಮುಚ್ಚಳದ ಅಂಚಿಗೆ ಸುತ್ತಿದ್ದ ಟೇಪು ಬಿಚ್ಚುವಾಗ ಬೆರಳಿಗೆ ಬಿಳಿ ಪುಡಿ ಹತ್ತಿತು. ವಿಭೂತಿ. ಟೇಪಿನ ಅಡಿಯಲ್ಲಿ ಮೂರು ಗೆರೆಗಳ ತುದಿಗಳು ಹಾಗೇ ಉಳಿದಿದ್ದವು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಅವನು ಈ ಪೆಟ್ಟಿಗೆಯನ್ನು ನಿಗಡಿಗೆ ಒಯ್ದು, ಪೂಜೆ ಮಾಡಿಸಿ, ಮರುದಿನ ತಂದು ಕಟ್ಟಿದ್ದನೆಂದು ಶೈಲಶ್ರೀ ಹೇಳಿದ್ದಳು. ಗುಡಿಯಿಂದ ಬಂದವರ ಹಣೆ ನೋಡಿದ ಹಾಗಾಯಿತು ನನಗೆ.

ಮುಚ್ಚಳ ತೆಗೆದೆ. ಭೋಂಗಾಕ್ಕೆ ಹೋಗುವ ತಂತಿ ತುಂಡಾಗಿತ್ತು.

ಸಿಡಿತಕ್ಕೆ ಹರಿದದ್ದಲ್ಲ. ನೀಟಾಗಿ ಕತ್ತರಿಸಿ, ಎರಡೂ ತುದಿಗೆ ಕಪ್ಪು ಟೇಪು ಸುತ್ತಿ, ಮಡಚಿ ಪಕ್ಕಕ್ಕೆ ಇಟ್ಟದ್ದು.

"ಯಾರು ಕತ್ತರಿಸಿದ್ದು?"

"ನನ್ನಾಣೆ ನನಗೆ ಗೊತ್ತಿಲ್ಲ," ಎಂದ. ಅವನ ಮುಖದಲ್ಲಿ ಕಂಡದ್ದು ನಿಜವಾದ ಬೆರಗು. ಗಂಡಂದಿರ ಸುಳ್ಳು ನೋಡಿ ನೋಡಿ ಪಳಗಿದ ಕಣ್ಣು ನನ್ನದು, ಅಷ್ಟು ಗುರುತಿಸುತ್ತದೆ.

"ಪೂಜೆಯ ಮರುದಿನ ಪೆಟ್ಟಿಗೆ ಕಟ್ಟಿದ ಮೇಲೆ ಅವನು ಪರೀಕ್ಷೆ ಮಾಡಲಿಲ್ಲವಾ?"

"ಮಾಡಿದ."

"ಹೇಗೆ?"

ಸ್ವಪ್ನಿಲ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಅವನು ಇಲ್ಲಿ ಗುಂಡಿ ಒತ್ತುತ್ತಿದ್ದ. ನಾನು ಹೊಂಡದ ತಳದಲ್ಲಿ ನಿಂತು ಕೇಳಿಸಿಕೊಳ್ಳಬೇಕು. ಒದರಿದರೆ ಮೇಲೆ ಹತ್ತಿ ಬಂದು ಒಂದು ಮಿಸ್ಡ್ ಕಾಲ್ ಕೊಡಬೇಕು. ತಳದಲ್ಲಿ ಮೊಬೈಲ್ ಹಿಡಿಯುವುದಿಲ್ಲ."

"ಆವತ್ತು ಮಿಸ್ಡ್ ಕಾಲ್ ಕೊಟ್ಟಿರಾ?"

"ಕೊಟ್ಟೆ."

"ತಳಕ್ಕೆ ಇಳಿದಿದ್ದಿರಾ?"

ಹೊರಗೆ ಲಾರಿಯೊಂದು ಜಲ್ಲಿ ಸುರಿಯಿತು. ಸದ್ದು ನಿಲ್ಲುವ ತನಕ ಅವನು ಕಾದ. ಆಮೇಲೆ ಕರವಸ್ತ್ರ ಮಡಚತೊಡಗಿದ.

"ಸ್ವಪ್ನಿಲ್, ಇಳಿದಿದ್ದಿರಾ?"

"ಅಷ್ಟು ಆಳ ಇಳಿದು ಹತ್ತಬೇಕು ಮ್ಯಾಡಮ್. ಬಿಸಿಲು. ದಂಡೆಯ ಮೇಲೇ ನಿಂತಿದ್ದೆ. ಒಂದು ಭೋಂಗಾ ಕೇಳಿಸಿತು. ಹೊಂಡದ್ದೇ ಇರಬೇಕು ಅಂದುಕೊಂಡೆ."

ಅವನಿಗೆ ಕೇಳಿಸಿದ್ದು ಕ್ರಶರ್‌ನದ್ದು. ಹೊಂಡದ ತಳದಲ್ಲಿ ಮಳೆನೀರು ಎತ್ತುವ ಡೀಸೆಲ್ ಪಂಪು ಹಗಲೆಲ್ಲ ಗುಡುಗುತ್ತಿರುತ್ತದೆ. ಬೇರೆ ಯಾವ ಭೋಂಗಾವೂ ಅಲ್ಲಿಗೆ ಕೇಳಿಸುವುದಿಲ್ಲ, ಅದಕ್ಕೆಂದೇ ಅಲ್ಲಿಗೆ ಒಂದು ಬೇರೆ ಪೆಟ್ಟಿಗೆ. ಇದು ಬಸವಲಿಂಗನಿಗೆ ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಎರಡು ಸಾವಿರದ ಎಂಟನೇ ಇಸವಿಯಲ್ಲೂ ನಮ್ಮವರು ಒಂದು ಕರೆಯ ಕಾಸು ಉಳಿಸಲು ಮಿಸ್ಡ್ ಕಾಲ್ ಕೊಡುತ್ತಾರೆ. ಎತ್ತಿ ಮಾತಾಡಿದ್ದರೆ ಬಸವಲಿಂಗ 'ಎಲ್ಲಿದ್ದೀರಿ' ಅಂತ ಒಂದು ಮಾತು ಕೇಳುತ್ತಿದ್ದ.

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಮಡಚಿ ಕೂತೆ.

"ಇನ್ನೊಂದು ಕೇಳ್ತೇನೆ. ಸತ್ತ ದಿನ ಬೆಳಿಗ್ಗೆ ಅವನು ಕ್ರಶರ್ ಹತ್ತಿರ ರುದ್ರವ್ವನ ಗುಡಿಸಲಿನಲ್ಲಿ ಚಹ ಕುಡಿದಿದ್ದ. 'ಪರೀಕ್ಷೆ ದಿನ ಹೊಂಡದಾಗಿಂದು ಒದರಲೇ ಇಲ್ರೀ ಸಾಹೇಬ್ರ, ಚಹಾ ಕೊಡಾಕ ನಾ ಅಲ್ಲೇ ತಳದಾಗ ಇದ್ದೆ' ಅಂತ ಅವಳು ಹೇಳಿದಳಂತೆ. ಕಪ್ಪು ಅಲ್ಲೇ ಇಟ್ಟು ಎದ್ದು, ಫೋನು ಕಿವಿಗೆ ಹಿಡಿದುಕೊಂಡು ಈ ಆಫೀಸಿನ ಕಡೆ ಬಂದನಂತೆ. ಯಾರಿಗೆ ಫೋನ್ ಮಾಡಿದ?"

"ನನಗಲ್ಲ," ಥಟ್ಟನೆ ಅಂದ ಸ್ವಪ್ನಿಲ್. "ಆವತ್ತು ನಾನು ಅವನ ಮುಖವನ್ನೂ ನೋಡಲಿಲ್ಲ. ಗಣಿಗೆ ಬಂದಿದ್ದಾನೆ ಅಂತಲೇ ತಿಳಿದಿರಲಿಲ್ಲ. ಹೊಂಡಕ್ಕೆ ಇಳಿದಿದ್ದಾನೆ ಅಂತ ಒಂದು ಮಾತು ಹೇಳಿದ್ದರೆ ಮದ್ದು ಹಾರಿಸುತ್ತಿದ್ದೆನೇ? ನಾನೇನು ರಾಕ್ಷಸನೇ?"

ಈ ಸಲ ಅವನ ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. ನಂಬಿದೆ, ಅಥವಾ ನಂಬಲು ಹೊರಟೆ.

ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದೆ.

*

ನಿಗಡಿಯ ಆ ಚಾಳಿನಲ್ಲಿ ಬಾಗಿಲಿಗೊಂದು ಆಕಾಶಕಂದೀಲು ತೂಗುತ್ತಿತ್ತು. ದೀಪಾವಳಿ ಹತ್ತಿರ ಬಂದಿತ್ತು. ಎಲ್ಲರ ಮನೆಯಿಂದ ಚಕ್ಕುಲಿ ಕರಿಯುವ ವಾಸನೆ. ಬಸವಲಿಂಗನ ಬಾಗಿಲಿಗೆ ಕಂದೀಲಿರಲಿಲ್ಲ, ಒಲೆಯೂ ಹೊತ್ತಿರಲಿಲ್ಲ.

ಶೈಲಶ್ರೀ ಚಾಪೆ ಹಾಸಿದಳು. ಒಳಗಿನ ಕೋಣೆಯಲ್ಲಿ ಅತ್ತೆ ಭೀಮವ್ವ ಮಲಗಿದ್ದಾರೆಂದು ಕಣ್ಣಲ್ಲೇ ಹೇಳಿದಳು. ನಾನು ಪೆಟ್ಟಿಗೆ ಬಿಚ್ಚಿ ಕತ್ತರಿಸಿದ ತಂತಿ ತೋರಿಸಿದೆ.

ಅವಳು ಬಾಗಿ ನೋಡಿದಳು. ಆ ಟೇಪಿನ ತುದಿಯನ್ನು ಬೆರಳಿನಿಂದ ಸವರಿದಳು.

"ಇದು ಅವರದ ಕೈರಿ."

"ಯಾರದು?"

"ನಮ್ಮ ಮನಿಯವರದು. ಕೆಳಗಿಂದ ಮ್ಯಾಲ ಸುತ್ಯಾರ ನೋಡ್ರಿ. ಹಂಚು ಹೊಂದಿಸಿದಂಗ, ಮಳಿ ನೀರು ಒಳಗ ಇಳೀಬಾರದು ಅಂತ. ಒಳಗಿನ ತಂತಿಗೂ ಹಂಗ ಸುತ್ತತಿದ್ರು, ರೂಢಿ. ನನಗೂ ಹಂಗ ಕಲಿಸಿದ್ರು."

ತನ್ನ ಜೀವ ಕಾಯುವ ಭೋಂಗಾದ ತಂತಿಯನ್ನು ತಾನೇ ಕತ್ತರಿಸಿಕೊಂಡನೇ? ಹಾಗಿದ್ದರೆ ಈ ಹುಡುಗಿಗೆ ನಾನು ಏನು ಹೇಳಲಿ?

ಅವಳೇ ಅಂದಳು. "ಆದ್ರ ಇದು ಹೊಂಡದಾಗ ಹೆಂಗ ಬಂತು ಅಕ್ಕಾರ? ಇದು ಮನ್ಯಾಗ ಇರೋ ಪೆಟಿಗಿ."

"ಅಂದರೆ?"

"ಮನ್ಯಾಗ ಪ್ರೋಗ್ರಾಮ್ ಪರೀಕ್ಷಾ ಮಾಡೂವಾಗ ಒದರಿದ್ರ ಚಾಳಿನವರು ಬಂದು ಜಗಳಾಡತಿದ್ರು. ಅದಕ್ಕ ಒಂದು ಪೆಟಿಗಿದು ಭೋಂಗಾದ ವೈರ್ ಕತ್ತರಿಸಿ ಇಟ್ಟಿದ್ರು. ಅದೊಂದ ಮೂಕ ಇತ್ತು. ಗುರುತು ಸಿಗಲಿ ಅಂತ ನನ್ನ ನೇಲ್ ಪಾಲಿಶ್ ಇಸಕೊಂಡು ಮೂಲಿಗೆ ಕೆಂಪು ಹಚ್ಚಿದ್ರು." ಅವಳು ನಗಲು ಹೋದಳು, ಆಗಲಿಲ್ಲ. "ಬಾಟ್ಲಿ ಅರ್ಧ ಖಾಲಿ ಮಾಡಿದ್ರು ಅಂತ ಬೈದಿದ್ದೆ."

ನನ್ನ ಕೈಯಲ್ಲಿದ್ದ ಪೆಟ್ಟಿಗೆಯ ಯಾವ ಮೂಲೆಯಲ್ಲೂ ಕೆಂಪಿರಲಿಲ್ಲ.

ದೇವರ ಜಗಲಿಯ ಪಕ್ಕದ ಹಲಗೆಯ ಮೇಲೆ ಮೂರು ಪೆಟ್ಟಿಗೆಗಳಿದ್ದವು. ಮೂರಕ್ಕೂ ವಿಭೂತಿ, ಒಣಗಿದ ಚೆಂಡುಹೂವು. ದಸರೆಯಿಂದ ಯಾರೂ ಅವನ್ನು ಮುಟ್ಟಿರಲಿಲ್ಲ.

ಎದ್ದು ಹೋಗಿ ನೋಡಿದೆ. ಯಾವುದರ ಮೇಲೂ ಕೆಂಪಿಲ್ಲ.

"ಪೂಜೆ ನೀನು ಮಾಡಿದ್ದಾ ಶೈಲಾ?"

"ಪ್ರತಿ ವರ್ಷ ನಾನ ಮಾಡತಿದ್ದೆ. ಈ ಸಲ ನಾ ಹೊರಗಾಗಿದ್ದೆ, ದೇವರ ಕಡಿ ಹೋಗಲಿಲ್ಲ. ಅತ್ತಿಯವರು ಮಾಡಿದ್ರು."

ಇಷ್ಟು ಹೇಳುವಾಗ ಅವಳಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ನನಗೆ ಹೊಳೆಯತೊಡಗಿತ್ತು. ಹೊಳೆಯದೇ ಇದ್ದರೆ ಚೆನ್ನಾಗಿತ್ತು.

"ಇವನ್ನು ಚಾಲೂ ಮಾಡಿ ನೋಡುವಾ," ಎಂದೆ. ಮೂರರಲ್ಲಿ ಒಂದಾದರೂ ಮೂಕವಾಗಿರಲಿ ದೇವರೇ ಎಂದು ಬೇಡಿಕೊಂಡೆ. ಒಂದು ಮೂಕವಾಗಿದ್ದರೆ ಇಲ್ಲಿ ಅದಲುಬದಲಾಗಲಿಲ್ಲ, ಬೇರೆ ಯಾರೋ ಬೇರೆ ಎಲ್ಲೋ ಕೈಯಾಡಿಸಿದ್ದಾರೆ ಎಂದಾಗುತ್ತಿತ್ತು.

ಶೈಲಶ್ರೀ ಮೊದಲನೆಯದಕ್ಕೆ ವೈರು ಚುಚ್ಚಿ ಗುಂಡಿ ಒತ್ತಿದಳು. ಕಿವಿ ಹರಿಯುವಂತೆ ಒದರಿತು. ಪಕ್ಕದ ಮನೆಯಲ್ಲಿ ಮಗುವೊಂದು ಬೆಚ್ಚಿ ಅಳತೊಡಗಿತು.

ಎರಡನೆಯದು. ಅದೂ ಒದರಿತು.

ಮೂರನೆಯದನ್ನು ಅವಳು ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಅವಳಿಗೂ ತಿಳಿದಿತ್ತು.

"ಒತ್ತಲ್ಯಾ?" ಎಂದಳು.

ನಾನು ಬೇಡ ಅನ್ನಬೇಕಿತ್ತು. ಅಷ್ಟರಲ್ಲಿ ಒತ್ತಿಬಿಟ್ಟಳು.

ಅದು ಒದರಿತು. ಚಾಳಿನ ಬಾಗಿಲುಗಳೆಲ್ಲ ತೆರೆದವು. ಹೊಂಡದ ತಳದಲ್ಲಿ ಬಸವಲಿಂಗನ ತಲೆಯ ಮೇಲೆ ಒದರಬೇಕಾಗಿದ್ದ ಭೋಂಗಾ ಈ ಮೂರರಲ್ಲಿ ಯಾವುದರದೋ. ಅದು ಇಲ್ಲಿ, ಅವನ ಮನೆಯಲ್ಲಿ, ಅವನು ಹೋದ ಮೇಲೆ ಒದರುತ್ತಿತ್ತು. ನಾನು ವೈರು ಕಿತ್ತೆ.

ಸದ್ದು ನಿಂತಾಗ ಒಳಬಾಗಿಲಲ್ಲಿ ಭೀಮವ್ವ ನಿಂತಿದ್ದರು. ಸೆರಗು ಜಾರಿತ್ತು, ಕಣ್ಣು ಕೆಂಪಗಿತ್ತು.

"ಯಾಕ ತಂಗಿ, ಇವು ಯಾಕ ಒದರತಾವ?" ನನ್ನನ್ನು ಕೇಳಿದರು. "ಮನ್ಯಾಗಿಂದು ಒದರೂದಿಲ್ಲಂತ ನನ್ನ ಮಗ ಹೇಳಿದ್ದ."

ಶೈಲಶ್ರೀ ಕೈಯಲ್ಲಿದ್ದ ಪೆಟ್ಟಿಗೆಯನ್ನು ಹಲಗೆಯ ಮೇಲೆ ವಾಪಸು ಇಟ್ಟಳು.

ಭೀಮವ್ವ ಹಲಗೆಯ ಹತ್ತಿರ ಬಂದು, ಉದುರಿದ ಹೂವನ್ನು ಮತ್ತೆ ಪೆಟ್ಟಿಗೆಯ ಮೇಲೆ ಇಟ್ಟರು. "ಅಂವ ಆವತ್ತ ಇದನ್ನ ಕೇಳಾಕ ಫೋನ್ ಮಾಡಿದ್ದ. ಕಡೀ ಸಲ ನನ್ನ ಕೂಡ ಮಾತಾಡಿದ್ದು ಅದ. ಸೊಸಿ ಅಳತಾಳಂತ ಯಾರಿಗೂ ಹೇಳಿಲ್ಲ ನಾ."

"ಏನು ಕೇಳಿದ ಅವ್ವಾ?" ಎಂದೆ.

"'ಅವ್ವಾ, ಪೂಜಿ ದಿನ ಪೆಟಿಗಿ ಮ್ಯಾಲಿನ ಕೆಂಪು ಬಣ್ಣ ತಗದಿ ಏನು?' ಅಂದ. ಹೌದಪಾ, ಹೆಣ್ಣಮಕ್ಕಳ ಉಗುರಿನ ಬಣ್ಣ ದೇವರ ಮುಂದ ಬ್ಯಾಡಂತ ಚಾಕೂಲೆ ಕೆರದು, ಎಲ್ಲಾನೂ ಒಂದ ನಮೂನಿ ತಿಕ್ಕಿ ತೊಳದು ಇಬತ್ತಿ ಹಚ್ಚೀನಿ ಅಂದೆ. ಒಂದ ಗಳಿಗಿ ಸುಮ್ಮನಿದ್ದ. ಆಮ್ಯಾಲ 'ಛಲೋ ಮಾಡಿದಿ ಬಿಡವ್ವ' ಅಂದ."

ಶೈಲಶ್ರೀ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಒಂದು ಗಳಿಗೆ ಸುಮ್ಮನಿದ್ದನಂತೆ. ಆ ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲ ತಿಳಿಯಿತು. ಕೆಂಪಿಲ್ಲದ್ದು ಎಂದು ತಾನು ಎತ್ತಿಕೊಂಡು ಹೋದದ್ದು ಮೂಕ ಪೆಟ್ಟಿಗೆ ಎಂಬುದು ತಿಳಿಯಿತು. ತಿಳಿದೂ ತಾಯಿಗೆ ಒಂದು ಗಡಸು ಮಾತಾಡಲಿಲ್ಲ. ತಂತಿ ಜೋಡಿಸಲು ಹೊಂಡಕ್ಕೆ ಇಳಿದ. ಇಂಥ ಹುಡುಗನನ್ನು ಮಣ್ಣಿಗೆ ಹಾಕಿ ಬಂದೆವಲ್ಲ ಎಂದು ಸಂಕಟವಾಯಿತು.

"ಆಮೇಲೆ ಫೋನ್ ಇಟ್ಟನಾ?" ಎಂದೆ.

"ಇಲ್ಲ. ಫೋನ್ ಹಿಡಕೊಂಡ ಎದುರಿಗಿದ್ದ ಯಾರಿಗೋ ಮರಾಠ್ಯಾಗ ಹೇಳಿದ. 'ಸ್ವಪ್ನಿಲಭಾವು, ನಾ ಹೊಂಡಕ್ಕ ಇಳೀತೀನಿ, ನಾ ಮ್ಯಾಲ ಬರೂತನಕಾ ಮದ್ದು ಹಾರಸಬ್ಯಾಡ್ರಿ' ಅಂತ. ಇಲ್ಲಿ ಇದ್ದು ಇದ್ದು ನನಗೂ ಅಷ್ಟು ಮರಾಠಿ ತಿಳೀತೈತಿ. ಆ ಕಡಿಂದ ಒಬ್ಬಾಂವ 'ಹೋ ಹೋ, ಥಾಂಬವತೋ' ಅಂದ. ಥಾಂಬವತೋ ಅಂದ್ರ ನಿಲ್ಲಸತೀನಿ ಅಂತ ಅಲ್ಲೇನು?"

'ಆವತ್ತು ನಾನು ಅವನ ಮುಖವನ್ನೂ ನೋಡಲಿಲ್ಲ.' ಸ್ವಪ್ನಿಲನ ಮಾತು ನನ್ನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ನೇರ ಕಣ್ಣಿಗೆ ಕಣ್ಣಿಟ್ಟು ಹೇಳಿದ್ದ. ನಿಲ್ಲಿಸುತ್ತೇನೆಂದು ಒಪ್ಪಿಕೊಂಡವನು ಮದ್ದು ಹಾರಿಸಿದ್ದ. ಮರೆತನೋ, ಬೇಕೆಂದೇ ಹಾರಿಸಿದನೋ, ಅದನ್ನು ಅವನ ಬಾಯಿಂದಲೇ ಕಕ್ಕಿಸಬೇಕು. ಕಕ್ಕಿಸಲು ನನ್ನಲ್ಲಿರುವುದು ಒಂದೇ ಸಾಕ್ಷಿ, ಈ ಮುದುಕಿಯ ಕಿವಿ.

"ಅವ್ವಾ, ಇದನ್ನು ಪೊಲೀಸರ ಮುಂದೆ ಹೇಳಬೇಕಾಗ್ತದೆ..." ಎಂದು ಬಾಯಿ ತೆರೆದೆ.

ಶೈಲಶ್ರೀ ನನ್ನ ಮಣಿಕಟ್ಟು ಹಿಡಿದಳು. ಬಳೆ ಇಲ್ಲದ ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಸುಳ್ಳು ಸಮಾಧಾನ ಬೇಡ ಎಂದಿದ್ದವಳು ಈಗ ತಲೆಯಾಡಿಸಿ ಬೇಡ, ಬೇಡ ಎನ್ನುತ್ತಿದ್ದಳು. ಪೊಲೀಸರು ಮೊದಲು ಕೇಳುವುದೇ ಅದನ್ನು: ನಿನ್ನ ಮಗ ಆ ಹೊತ್ತಿಗೆ ನಿನಗೆ ಯಾಕೆ ಫೋನ್ ಮಾಡಿದ?

ಭೀಮವ್ವ ನಮ್ಮಿಬ್ಬರ ಕೈಯನ್ನೂ ನೋಡಿದರು. ಚಾಪೆಯ ಮೇಲೆ ಜಜ್ಜಿ ಬಿದ್ದಿದ್ದ ಪೆಟ್ಟಿಗೆಯನ್ನು ನೋಡಿದರು. ಅದರ ಹತ್ತಿರ ಹೋಗಿ, ಮುಚ್ಚಳವೆತ್ತಿ, ಕೆಂಪು ಕೆರೆದು ತೆಗೆದ ಮೂಲೆಯ ಮೇಲೆ ಹೆಬ್ಬೆರಳಿಟ್ಟರು. ಅಲ್ಲಿ ಚಾಕುವಿನ ಗೆರೆಗಳಿದ್ದವು. ನಾನು ಅವನ್ನು ಸಿಡಿತದ ಗಾಯ ಎಂದುಕೊಂಡಿದ್ದೆ.

"ಇದು ನಾ ಕೆರದದ್ದು," ಎಂದರು. "ಇದು ಎಲ್ಲಿ ಸಿಕ್ತು ತಂಗಿ ನಿಮಗ?"